ನಾಲ್ಕರಲ್ಲಿ ಒಂದು ಬಿಳಿ ಹೂ

ಮಾವ ತೀರಿಕೊಂಡ ಮೇಲೆ ಅವರ ಬಟಾಣಿಯನ್ನು ಉದ್ಧಾರ ಮಾಡುವ ಹೊಣೆಯನ್ನು ಮೇಷ್ಟ್ರು ತಾವಾಗಿಯೇ ಹೆಗಲಿಗೇರಿಸಿಕೊಂಡರು. ಯಾರೂ ಹೊರಿಸಿರಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಅಳಿಯನಿದ್ದೂ ಮಾವನ ಗಿಡಗಳು ಸೊರಗುವುದುಂಟೇ ಎಂಬುದು ಅವರ ವಾದ.

ಮಾವ ವರ್ಷವರ್ಷವೂ ಬೀಜ ಉಳಿಸಿಕೊಂಡು ಬೆಳೆದ ಬಟಾಣಿ ಅದು. ಹಾಲಿನಂಥ ಬಿಳಿ ಹೂ. ಈಗ ಉಳಿದದ್ದು ಒಂದು ಹಿಡಿ ಬೀಜ, ಮತ್ತು ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಮಗಳ ಮನೆಗೆ ಬಂದ ಅತ್ತೆ. ಅವರಿಗೆ ಎದೆಯ ಕಾಯಿಲೆ. ಕಿಟಕಿ ಪಕ್ಕದ ಮಂಚವೇ ಅವರ ಪ್ರಪಂಚ.

"ನೇರಳೆ ಹೂವಿನ ಗಟ್ಟಿ ಜಾತಿ ಜೊತೆ ಕೂಡಿಸ್ತೀನಿ. ಮಾವನ ಗಿಡಕ್ಕೆ ಆನೆಬಲ ಬರುತ್ತೆ," ಎಂದರು ಮೇಷ್ಟ್ರು.

"ಒಂದೆರಡು ಗಿಡಾನಾದ್ರೂ ಮುಟ್ಟದೆ ಬಿಡ್ರೀ," ಎಂದಳು ಹೆಂಡತಿ.

"ಅರೆಬರೆ ಕೆಲಸಕ್ಕೆ ವಿಜ್ಞಾನ ಅನ್ನಲ್ಲ."

ಮೇಷ್ಟ್ರು ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದರು. ಚಿಮುಟ ಹಿಡಿದು ಮೊಗ್ಗು ಬಿಡಿಸಿ, ಕೇಸರ ಕಿತ್ತು, ನೇರಳೆ ಹೂವಿನ ಪರಾಗ ಸವರಿದರು. ಮಿಕ್ಕ ಮೊಗ್ಗುಗಳನ್ನು ಶಿಸ್ತಿನ ಹೆಸರಿನಲ್ಲಿ ಚಿವುಟಿ ಎಸೆದರು. ಹೊಸ ಬೀಜ ಬಿತ್ತಿದಾಗ ಗಿಡಗಳು ದಷ್ಟಪುಷ್ಟವಾಗಿ ಎದ್ದವು. ಹೂವೆಲ್ಲ ನೇರಳೆ. ಮದ್ದಿಗೂ ಒಂದು ಬಿಳಿ ಇಲ್ಲ.

ಅತ್ತೆ ಕಿಟಕಿಯಾಚೆ ತುಂಬ ಹೊತ್ತು ನೋಡಿದರು. ಆಮೇಲೆ ಗೋಡೆ ಕಡೆ ಹೊರಳಿದರು. ಊಟ ಬೇಡವೆಂದರು, ಮಾತ್ರೆಯೂ ಬೇಡವೆಂದರು.

ಮೇಷ್ಟ್ರು ಮಂಚದ ಬಳಿ ಕುರ್ಚಿ ಎಳೆದುಕೊಂಡು ತರಗತಿ ಶುರುಮಾಡಿದರು. "ಬಿಳಿ ಎಲ್ಲೂ ಹೋಗಿಲ್ಲ ಅತ್ತೆ, ಒಳಗೇ ಅಡಗಿದೆ. ನೇರಳೆ ಪ್ರಬಲ ಗುಣ, ಅದಿದ್ದ ಕಡೆ ಇದು ತಲೆ ಎತ್ತಲ್ಲ. ಮಾವನದ್ದು ದುರ್ಬಲ ಗುಣ, ಅಷ್ಟೆ."

ಅತ್ತೆ ಇತ್ತ ತಿರುಗಿದರು. "ಏನಂದ್ರಿ? ಸತ್ತವರನ್ನ ದುರ್ಬಲ ಅಂದ್ರಾ?"

"ಅಯ್ಯೋ, ಮಾವನನ್ನಲ್ಲ, ಮಾವನ ಬಟಾಣೀನ..."

"ಅಮ್ಮ ರಾತ್ರಿಗಾದ್ರೂ ಒಂದು ತುತ್ತು ತಿನ್ನೋಳು, ಅದನ್ನೂ ಕೆಡಿಸಿದ್ರಿ," ಎಂದಳು ಹೆಂಡತಿ.

ಈ ನೇರಳೆ ಗಿಡಗಳ ಬೀಜ ಬಿತ್ತಿದರೆ ನಾಲ್ಕರಲ್ಲಿ ಒಂದು ಬಿಳಿ ಎಂದು ಮೇಷ್ಟ್ರು ಮಾತು ಕೊಟ್ಟರು.

"ಅಲ್ಲೀವರೆಗೆ ನಾನಿರಬೇಕಲ್ಲ," ಎಂದರು ಅತ್ತೆ.

ಲೆಕ್ಕವನ್ನು ನಂಬಿ ಮೇಷ್ಟ್ರು ನಾಲ್ಕೇ ಬೀಜ ಬಿತ್ತಿದರು. ನಾಲ್ಕೂ ನೇರಳೆ.

"ನಾಲ್ಕರಲ್ಲಿ ಒಂದು ಅಂದ್ರಲ್ಲ?"

"ಅದು ಸರಾಸರಿ ಕಣೇ. ನೂರಾರು ಗಿಡ ಹಾಕಿದ್ರೆ..."

"ನಿಮ್ಮ ಸರಾಸರಿ ಬರೋವರೆಗೆ ಅಮ್ಮ ಕಾಯ್ತಾಳಾ?"

ನೂರಾರು ಗಿಡಕ್ಕೆ ಅಂಗಳ ಸಾಲದೆ, ಅಂದಿನಿಂದ ಮನೆಯಲ್ಲಿ ತಳವಿರುವ ಯಾವ ವಸ್ತುವಿಗೂ ಉಳಿಗಾಲವಿರಲಿಲ್ಲ. ಬಕೆಟ್ಟು, ಟಬ್ಬು, ಕುಕ್ಕರು, ಹಳೆಯ ಸೂಟ್‌ಕೇಸು, ಎಲ್ಲಕ್ಕೂ ಮಣ್ಣು ತುಂಬಿತು. ಗಂಡಹೆಂಡಿರ ಸ್ನಾನ ಚೊಂಬಿಗಿಳಿಯಿತು. ಅತ್ತೆ ದಿನದಿನಕ್ಕೆ ಕರಗುತ್ತಿದ್ದರು. ನೋಡಲು ಬಂದ ಡಾಕ್ಟರು ಬಾಗಿಲಲ್ಲಿ ಕುಕ್ಕರನ್ನು ಎಡವಿ, ಸಾವರಿಸಿಕೊಂಡು, ಮೇಷ್ಟ್ರನ್ನು ಪಕ್ಕಕ್ಕೆ ಕರೆದರು. "ಇನ್ನು ಅವರು ಕೇಳಿದ್ದು ಕೊಡಿ," ಎಂದಷ್ಟೇ ಹೇಳಿ ಹೊರಟುಹೋದರು.

ಕೊನೆಗೂ ಸೂಟ್‌ಕೇಸಿನ ಗಿಡವೊಂದರಲ್ಲಿ ಬಿಳಿ ಹೂ ಅರಳಿತು. ಮೇಷ್ಟ್ರು ಸೂಟ್‌ಕೇಸನ್ನೇ ಮಂಚದವರೆಗೆ ಎಳೆದು ತಂದರು. ಅತ್ತೆ ಬೆರಳ ತುದಿಯಿಂದ ಹೂ ಮುಟ್ಟಿದರು.

"ಅವರದ್ದೇ," ಎಂದರು. ಕಣ್ಣು ತುಂಬಿತು. ಆಮೇಲೆ ಅವರ ಕೈ ಕಾಂಡವನ್ನು ಹಿಡಿದು ಕೆಳಗಿಳಿಯಿತು, ಇಳಿಯುತ್ತಲೇ ಹೋಯಿತು. "ಇದ್ಯಾಕೆ ಇಷ್ಟುದ್ದ? ಅವರ ಗಿಡ ಮೊಣಕಾಲು ದಾಟ್ತಿರಲಿಲ್ಲ. ಬಗ್ಗಿ ಬಗ್ಗಿ ಕೀಳ್ತಿದ್ರು."

"ಎತ್ತರಾನೂ ಪ್ರಬಲ ಗುಣ, ಅತ್ತೆ," ಎಂದರು ಮೇಷ್ಟ್ರು. "ಬಿಳೀನೂ ಆಗಬೇಕು, ಗಿಡ್ಡಾನೂ ಆಗಬೇಕು ಅಂದ್ರೆ... ಹದಿನಾರರಲ್ಲಿ ಒಂದು."

ಅತ್ತೆ ಮನೆ ತುಂಬ ಹರಡಿದ್ದ ಬಕೆಟ್ಟುಗಳನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ಅಳಿಯನನ್ನು.

"ಜಾಗಕ್ಕೆ ಯೋಚನೆ ಮಾಡಬೇಡಿ," ಎಂದರು. "ಇನ್ನು ಸ್ವಲ್ಪ ದಿನಕ್ಕೆ ಈ ಮಂಚಾನೂ ಖಾಲಿಯಾಗುತ್ತೆ. ಇದಕ್ಕೂ ಮಣ್ಣು ಹಾಕಿ."