ಐದನೆಯ ಬಿರಡೆ

"ಎಂಟು ಸಾವಿರ ಅಡಿ ಆಳಕ್ಕೆ ಕೇಜ್ ತುಂಬ ಜನಾನ ಇಳಿಸ್ತಿದ್ದ ರೋಪು ನೋಡ್ಕೊಂಡೋನು ನಾನು! ಈ ನಾಕು ತಂತಿ ನಂಗೆ ಯಾವ ಲೆಕ್ಕ?"

ಗುರುವಾರ ಬಂಗಾರಪೇಟೆಯ ವಾದ್ಯದಂಗಡಿಯಿಂದ ತಂಬೂರಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಿದ್ದ ಮುನೀಂದ್ರ ಇಡೀ ಬೀದಿಗೆ ಕೇಳುವಂತೆ ಗುಡುಗಿದ. ಸಿಟ್ಟು ಬರದೆ ಇರುತ್ತದೆಯೇ? ತಂಬೂರಿಯ ಒಂದು ತಂತಿ ಹರಿದಿತ್ತು. ತಂತಿ ಬಿಗಿಯುವ ಮರದ ಬಿರಡೆಗಳು ತಿರುಗಿಸಿದರೆ ಕಿರ್ರೋ ಎನ್ನುತ್ತಿದ್ದವು. ಅಂಗಡಿಯ ಪೆರುಮಾಳ್ ಅಷ್ಟನ್ನೂ ನೋಡಿ, "ಶನಿವಾರ ಸಾಯಂಕಾಲ ಬನ್ನಿ ಸಾರ್, ರೆಡಿ ಇರುತ್ತೆ. ನೀವು ಮಾತ್ರ ಕೈ ಹಾಕ್ಬೇಡಿ, ನಾಜೂಕು ಸಾಮಾನು" ಎಂದಿದ್ದ. ಕೈ ಹಾಕಬೇಡಿ! ಕೋರಮಂಡಲ್ ಚಿನ್ನದ ಗಣಿ ಮುಚ್ಚುವ ತನಕ ಫಿಟ್ಟರ್ ಆಗಿದ್ದವನಿಗೆ, ಆಮೇಲೆ ಆಂಡರ್ಸನ್‌ಪೇಟೆಯ ಅರ್ಧಕ್ಕರ್ಧ ಮಿಕ್ಸಿಗಳಿಗೆ ಮರುಜನ್ಮ ಕೊಟ್ಟವನಿಗೆ, ಕೈ ಹಾಕಬೇಡಿ!

"ಇವತ್ತೇ ಸಂಜೆಗೆ ಟೊಂಯ್ ಅನ್ನಿಸ್ತೀನಿ. ಇಲ್ದಿದ್ರೆ ನನ್ನ ಎಸರು ಮುನೀಂದ್ರ ಅಲ್ಲ!"

ಹಿಂದೆಯೇ ಹೊರಬಂದ ಹೆಂಡತಿ ಕಲ್ಪನ ಅವನ ತೋಳು ಹಿಡಿದು ಜಗ್ಗಿದಳು. ತಂಬೂರಿ ಅವಳ ಅಪ್ಪನದು. ಬರುವ ಭಾನುವಾರ ಬಂಗಾರಪೇಟೆಯ ಭಜನೆ ಮಂದಿರದಲ್ಲಿ ಅವಳು ಮೊಟ್ಟಮೊದಲ ಸಲ ಒಬ್ಬಳೇ ತತ್ವಪದ ಹೇಳುವವಳಿದ್ದಳು. ಹನ್ನೊಂದು ವರ್ಷ ಹಿಂದಿನ ಸಾಲಿನಲ್ಲಿ ತಾಳ ಕುಟ್ಟಿದ ಮೇಲೆ ಬಂದ ಸರದಿ ಅದು. ಭಜನೆ ಮಂಡಳಿಯ ರಾಧ, "ಫೋನಲ್ಲೇ ಶ್ರುತಿ ಬರ್ತದಲ್ಲಕ್ಕಾ" ಎಂದರೂ ಇವಳು, "ಅಪ್ಪನ ತಂಬೂರಿ ಇಲ್ದಂಗೆ ಬಾಯಿ ತೆಗೆಯಾಕಿಲ್ಲ" ಎಂದುಬಿಟ್ಟಿದ್ದಳು.

ಮನೆಗೆ ಬಂದದ್ದೇ ಶಸ್ತ್ರಚಿಕಿತ್ಸೆ ಶುರು! ಹರಿದ ತಂತಿಯ ಜಾಗಕ್ಕೆ ಬೈಕಿನ ಕ್ಲಚ್ ವೈರಿನಿಂದ ಬಿಚ್ಚಿದ ಒಂದೆಳೆ ಬಂತು. ಬಿರಡೆ ತಿರುಗಿಸಿದ. ಕಿರ್ರ್!

"ರೀ, ಇಂಗೆ ಕಿರುಗುಟ್ಟಿದ್ರೆ ನಮ್ಮಪ್ಪ ಬಿರಡೆಗೆ ಏನೋ ಅಚ್ತಿದ್ರು..."

"ಏನೋ ಏನು ಬಂತು? ಗ್ರೀಸು! ಅಚ್ಚೋದನ್ನ ನಂಗೇ ಏಳ್ಕೊಡ್ತೀಯೇನೇ?"

"ಗ್ರೀಸಲ್ಲ ರೀ, ಬೆಳ್ಳಗಿತ್ತು..."

"ಬೆಳ್ಳಗಿದ್ರೆ ಒಳ್ಳೇ ಕಂಪನಿ ಗ್ರೀಸು! ಸುಮ್ಕಿರು."

ನಾಲ್ಕೂ ಬಿರಡೆಗಳಿಗೆ ಧಾರಾಳವಾಗಿ ಗ್ರೀಸಿನ ಅಭಿಷೇಕವಾಯಿತು. ಆಹಾ! ಬಿರಡೆಗಳು ಸದ್ದಿಲ್ಲದೆ ತಿರುಗಿದವು. ಕೈ ಬಿಟ್ಟ ಕೂಡಲೇ ಅಷ್ಟೇ ಸಲೀಸಾಗಿ ಹಿಂದಕ್ಕೂ ತಿರುಗಿದವು. ಟೊಂಯ್ ಎನ್ನಬೇಕಾದ ತಂತಿ ಡೊಳಕ್ ಎಂದು ಜೋತುಬಿತ್ತು.

"ಥೂ, ಏನು ಮರಾನೇ ಇದು! ನಿಮ್ಮಪ್ಪಂಗೆ ಬೇರೆ ಮರ ಸಿಗ್ಲಿಲ್ವಾ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುನೀಂದ್ರನ ಪಾಲಿಗೆ ಮರ ಕೆಟ್ಟದ್ದು, ಮಾವ ಕೆಟ್ಟವನು, ಪೆರುಮಾಳ್ ಎಲ್ಲರಿಗಿಂತ ಕೆಟ್ಟವನು. ಇನ್ನು ಶ್ರುತಿಯ ಮಾತು. "ಗಣಿ ಸೈರನ್ ಕೇಳ್ಕೊಂಡು ಬೆಳೆದ ಕಿವಿ ಇದು! ಕುಕ್ಕರ್ ಇಡು, ಅದರ ಕೂಗಿಗೇ ಕೂಡಿಸ್ತೀನಿ" ಎಂದ. ಒಂದು ಕೂಗಿಗೆ ಒಂದು ತಂತಿ. ನಾಲ್ಕನೆಯದು ಬಿಗಿಯಾಗುವಷ್ಟರಲ್ಲಿ ಮೊದಲನೆಯದು ಸಡಿಲ. ಇಪ್ಪತ್ತಮೂರನೆಯ ಕೂಗಿಗೆ ಅನ್ನ ಗೋಂದಾಯಿತು. ಪಕ್ಕದ ಮನೆಯ ಅಮ್ಮಾಜಮ್ಮ ಗೋಡೆಯಾಚೆಯಿಂದ ಇಣುಕಿ, "ಏನಮ್ಮಾ ಕಲ್ಪನ, ಕಲ್ಲೇನಾದ್ರೂ ಬೇಯಿಸ್ತಿದ್ದೀಯಾ?" ಎಂದು ಕೇಳಿದಳು.

ಶನಿವಾರದ ಹೊತ್ತಿಗೆ ಮೂರು ಬಿರಡೆಗಳು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಸಿಕೊಂಡು ಹೇಗೋ ತೆಪ್ಪಗಾದವು. ಕ್ಲಚ್ ವೈರಿನ ಬಿರಡೆ ಮಾತ್ರ ಜಪ್ಪಯ್ಯ ಎಂದರೂ ನಿಲ್ಲಲಿಲ್ಲ.

ಕಲ್ಪನ ಕಣ್ಣೊರೆಸಿಕೊಂಡಳು. "ಈಗ್ಲಾದ್ರೂ ಪೆರುಮಾಳ್ ಅತ್ರ ಓಗಾಣ ಬನ್ನಿ."

"ಪ್ರಾಣ ಬೇಕಾದ್ರೆ ಬಿಟ್ಟೇನು, ಅವನ ಮೆಟ್ಲು ತುಳಿಯಾಕಿಲ್ಲ! ಬಿರಡೇನ ನಾನೇ ಇಡ್ಕೊಂಡು ಕೂತ್ಕೋತೀನಿ!"

ಆಡಿದ ಮಾತು ನಿಜವಾಯಿತು. ಭಾನುವಾರ ಇಸ್ತ್ರಿ ಪಂಚೆ, ಹಣೆಗೆ ವಿಭೂತಿ, ಕೈಯಲ್ಲಿ ಕಟಿಂಗ್ ಪ್ಲೇಯರ್! ಹೆಂಡತಿಯ ಬೆನ್ನ ಹಿಂದೆ ಕೂತು ಮುನೀಂದ್ರ ಆ ಜಾರುವ ಬಿರಡೆಯನ್ನು ಪ್ಲೇಯರಿನಲ್ಲಿ ಕಚ್ಚಿಸಿ ಹಿಡಿದ. ಮುಂದಿನ ಸಾಲಿನಲ್ಲಿ ಯಾರು? ಪೆರುಮಾಳ್! ಪ್ಲೇಯರನ್ನೇ ದಿಟ್ಟಿಸಿ, ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕ. ಮುನೀಂದ್ರನ ಮೈ ಉರಿದುಹೋಯಿತು. "ಏನಯ್ಯಾ ನಗ್ತೀಯಾ..." ಎಂದು ಬಾಯಿ ತೆರೆದ. "ಶ್!" ಎಂದಳು ರಾಧ. ಮೂಗಿನ ಮೇಲೆ ನೊಣ ಕೂತಿತು. ಕೈ ಸಡಿಲಿಸಿದರೆ ಹೆಂಡತಿಯ ಹನ್ನೊಂದು ವರ್ಷ ಡೊಳಕ್ ಎನ್ನುತ್ತದೆ! ಅಲುಗಾಡುವಂತಿಲ್ಲ, ಮಾತಾಡುವಂತಿಲ್ಲ. ಬೇರೆ ಗತಿಯಿಲ್ಲದೆ ಕೇಳಿದ.

ಕೇಳುತ್ತಾ ಕೇಳುತ್ತಾ ನೊಣ ಮರೆತುಹೋಯಿತು. ಪೆರುಮಾಳನೂ ಮರೆತುಹೋದ. ಅಡುಗೆಮನೆಯಿಂದ ಬರುತ್ತಿದ್ದ ಗುನುಗು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತೇ ಇರಲಿಲ್ಲ. ಪದ ಮುಗಿದಾಗ ಅರ್ಧ ಗಂಟೆಯಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಅವನಿಗೆ ತಟ್ಟಲು ಕೈ ಬಿಡುವಿರಲಿಲ್ಲ.

ಮಂಗಳಾರತಿಯಾದ ಮೇಲೆ ಕಲ್ಪನ ತಂಬೂರಿಯ ಚೀಲಕ್ಕೆ ಕೈ ಹಾಕಿ, ಬೆಳ್ಳಗಿನ ತುಂಡೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಸೀಮೆಸುಣ್ಣ!

"ನಮ್ಮಪ್ಪ ಅಚ್ತಿದ್ದಿದ್ದು ಇದೇ. ಜಾರದಂಗೆ ಇಡ್ಕೊಳ್ತದೆ. ಬೆಳಿಗ್ಗೇನೇ ಸಿಕ್ತು."

"ಬೆಳಿಗ್ಗೇನೇ?" ಮುನೀಂದ್ರ ಕೆಂಡವಾದ. "ಮರಗಟ್ಟಿರೋ ಕೈ ನೋಡು! ಆಗ್ಲೇ ಏಳೋದಕ್ಕೇನಾಗಿತ್ತು?"

"ಗುರುವಾರ ಏಳಾಕೆ ಬಂದೆ, ನೀವು ಬಿಟ್ರಾ? ಮೂವತ್ತೆರಡು ವರ್ಷದಲ್ಲಿ ನೀವು ಬಾಯಿ ಮುಚ್ಕೊಂಡು ಅರ್ಧ ಗಂಟೆ ನನ್ನ ಮಾತು ಕೇಳಿದ್ದು ಇವತ್ತೇ." ಕಲ್ಪನ ಸೀಮೆಸುಣ್ಣವನ್ನು ವಾಪಸು ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. "ಗ್ರೀಸ್ ಡಬ್ಬಿ ಬಿಸಾಕ್ಬೇಡಿ. ಮುಂದಿನ ಭಾನುವಾರಾನೂ ಪದ ಏಳೋದೈತೆ."