ತಾಂಬೂಲಕ್ಕೆ ಹೋದ ವಿಮಾನದ ಚೀಲ

ನಾನು ಇದುವರೆಗೆ ವಿಮಾನ ಹತ್ತಿದವನಲ್ಲ. ಆದರೂ ವಿಮಾನದ ಸೀಟಿನ ಮುಂದೆ ಇಟ್ಟಿರುವ ಕಾಗದದ ವಾಂತಿ ಚೀಲಗಳ ವಿಷಯದಲ್ಲಿ ದೆಹಲಿಯ ಇಡೀ ಕರೋಲ್ ಬಾಗಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ನಗಬೇಡಿ! ಸಂಗ್ರಾಹಕರಲ್ಲಿ ಅದಕ್ಕಿರುವ ಬೇಡಿಕೆ ವಿಮಾನದ ಚಮಚಕ್ಕೂ ಇಲ್ಲ. ಚಮಚ ತಂದವನನ್ನು ಕಳ್ಳ ಎನ್ನುತ್ತಾರೆ. ಚೀಲ ತಂದವನನ್ನು ಯಾರೂ ಏನೂ ಅನ್ನುವುದಿಲ್ಲ. ಮಡಚಿದರೆ ಪುಸ್ತಕದೊಳಗೆ ಕೂರುತ್ತದೆ. ಕಂಪನಿಗೊಂದು ಬಣ್ಣ, ಕಂಪನಿಗೊಂದು ಚಿತ್ರ. ಕಂಪನಿ ಮುಚ್ಚಿಹೋದರಂತೂ ಆ ಚೀಲ ಮತ್ತೆ ಹುಟ್ಟುವುದಿಲ್ಲ! ಷರತ್ತು ಒಂದೇ: ಯಾರೂ ಅದನ್ನು ಉಪಯೋಗಿಸಿರಬಾರದು.

ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ವಿದೇಶಕ್ಕೆ ಹೊರಟ ಸಾಹೇಬರನ್ನೆಲ್ಲ ಕಾಡಿ ತರಿಸುತ್ತಿದ್ದೆ. ಉಳಿದವರು ಸೆಂಟು ಕೇಳಿದರೆ ನಾನು ಇದನ್ನು ಕೇಳುತ್ತಿದ್ದೆ. ನನ್ನ ಹೆಂಡತಿ ಸರೋಜ ಮಹಾ ಮಡಿವಂತಳು. "ಏನ್ರೀ ಇವು?" ಎಂದಾಗ, ನಿಜ ಹೇಳಿದರೆ ಚೀಲಗಳ ಜೊತೆ ನಾನೂ ಬೀದಿಗೆ ಬೀಳುತ್ತೇನೆಂದು ಹೆದರಿ, "ವಿಮಾನದಲ್ಲಿ ತಿಂಡಿ ಕಟ್ಟಿಕೊಡೋ ಚೀಲ ಕಣೇ" ಎಂದುಬಿಟ್ಟೆ.

ಕರೋಲ್ ಬಾಗಿಗೆ ಮೆಟ್ರೋ ಬಂದ ಹೊಸತು. ಆ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ದೂರದೂರದ ಕನ್ನಡದ ಹೆಂಗಸರೂ ಮೆಟ್ರೋ ಹತ್ತಿ ಅರಿಶಿನ ಕುಂಕುಮಕ್ಕೆ ಬಂದರು. ನಾನು ಹೊರಗೆ ಹೋಗಿ ಮರಳುವಷ್ಟರಲ್ಲಿ ಅವರೆಲ್ಲ ಹೋಗಿಯಾಗಿತ್ತು.

"ರೀ, ತಂದಿಟ್ಟ ಕವರೆಲ್ಲ ಮುಗಿದುಹೋಯ್ತು. ನಿಮ್ಮ ವಿಮಾನದ ಚೀಲ ಮಾನ ಕಾಪಾಡ್ತು! ಬಿಸಿ ಉಸುಳಿ ಹಾಕಿದ್ರೂ ಒಂದು ತೊಟ್ಟು ಎಣ್ಣೆ ಇಳೀಲಿಲ್ಲ ನೋಡಿ!" ಎಂದಳು ಸರೋಜ.

ಹೇಗೆ ಇಳಿದೀತು? ಅದನ್ನು ಮಾಡಿರುವುದೇ ಅದಕ್ಕೆ!

"ಆ ನೀಲಿ ಕೊಕ್ಕರೆಯ ಚೀಲ?"

"ಚೆನ್ನಾಗಿತ್ತೂಂತ ಸುಮಿತ್ರಮ್ಮನಿಗೆ ಕೊಟ್ಟೆ. ಆಫೀಸರ್ ಹೆಂಡ್ತಿ ಅಲ್ವಾ?"

ಮುಚ್ಚಿಹೋದ ಕಂಪನಿಯದು! ನನ್ನಲ್ಲಿದ್ದುದು ಅದೊಂದೇ. ಬಾಯಿ ಮುಚ್ಚಿಕೊಂಡಿದ್ದರೆ ಸರೋಜಳ ಮಾನ ಉಳಿಯುತ್ತಿತ್ತು. ಗುಟ್ಟು ನನ್ನೊಂದಿಗೇ ಮಣ್ಣಾಗುತ್ತಿತ್ತು. ನಾನು ಓಡಿದೆ.

ಪಕ್ಕದ ಗಲ್ಲಿಯ ಸುಮಿತ್ರಮ್ಮನವರ ಮನೆಯಲ್ಲಿ, ಅಲ್ಲಿನ ಅರಿಶಿನ ಕುಂಕುಮಕ್ಕೆಂದು, ಅದೇ ಹೆಂಗಸರೆಲ್ಲ ಕೂತಿದ್ದರು.

"ಸುಮಿತ್ರಮ್ಮ, ಆ ಚೀಲ ವಾಪಸ್ ಕೊಡಿ."

"ಅಯ್ಯೋ, ತಾಂಬೂಲ ಕೊಟ್ಟು ವಾಪಸ್ ಕೇಳ್ತಾರೇನ್ರೀ ರಾಯರೇ?" ಎಲ್ಲರೂ ನಕ್ಕರು.

"ಉಸುಳಿ ನೀವೇ ಇಟ್ಕೊಳ್ಳಿ. ಚೀಲ ಮಾತ್ರ... ಅದು ತುಂಬಾ ಅಪರೂಪದ ವಾಂತಿ ಚೀಲ!"

ನಗು ನಿಂತಿತು. ಉಸುಳಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಒಬ್ಬಾಕೆಯ ಕೈ ಗಾಳಿಯಲ್ಲೇ ಉಳಿಯಿತು.

ಸುಮಿತ್ರಮ್ಮ ಮೆಲ್ಲಗೆ ಹೇಳಿದರು: "ನಾನು ಫ್ಲೈಟಲ್ಲಿ ಓಡಾಡೋಳು, ನೋಡಿದ ತಕ್ಷಣ ಗೊತ್ತಾಯ್ತು. ಪಾಪ, ಸರೋಜಮ್ಮ ತಿಳೀದೆ ಕೊಟ್ಟಿದಾರೆ ಅಂತ ಸುಮ್ಮನಿದ್ದೆ. ನೀವೇ ಡಂಗುರ ಹೊಡೆದ್ರಲ್ಲ!"

ತಿರುಗಿ ನೋಡಿದರೆ ಬಾಗಿಲಲ್ಲಿ ಸರೋಜ. ನನ್ನ ಹಿಂದೆಯೇ ಓಡಿಬಂದಿದ್ದಳು. "ತಿಂಡಿ ಚೀಲ ಅಲ್ವೇನ್ರೀ?" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ಹಬ್ಬಕ್ಕೆ ಯಾರೂ ಬರುವುದಿಲ್ಲವೆಂದು ಅವಳು ಕೊರಗುತ್ತಿದ್ದಳು. ನಾನೇ ಮನೆಮನೆಗೆ ಹೋಗಿ, ಕೈಮುಗಿದು, ತಪ್ಪು ನನ್ನದೆಂದು ಹೇಳಿ ಕರೆದು ಬಂದೆ. ದೊಡ್ಡ ಮನಸ್ಸಿನವರು, ಎಲ್ಲರೂ ಬಂದರು.

ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಖಾಲಿ ಸ್ಟೀಲ್ ಡಬ್ಬಿ!