ಕೊಡುವ ಖಾನೆಗೆ ಸೊನ್ನೆ

ಕಾರವಾರದಲ್ಲಿ ಸೈಬರ್ ಕೆಫೆ ನಡೆಸುವ ನನಗೆ ಒಂದು ಒಳ್ಳೆಯ ಗುಣವಿದೆ. ಯಾರೂ ಕೇಳದಿದ್ದರೂ ಸಲಹೆ ಕೊಡುತ್ತೇನೆ. ಮೀನುಪೇಟೆಯಲ್ಲಿ ಬಂಗಡೆ ಕೊಂಡರೆ, ಮೇಲೊಂದು ಬಂಗಡೆ ಹಾಕಿಸಿಕೊಳ್ಳದೆ ಎದ್ದವನಲ್ಲ. ಇಂಥವನಿಗೆ ಕಂಪ್ಯೂಟರು ಯಾವ ಲೆಕ್ಕ!

ಅಂಕೋಲೆಯ ಭಾವಿಕೇರಿಯಿಂದ ಹೆಂಡತಿಯ ಅಣ್ಣನ ಮಗಳು ವೀಣಾ ಬಂದಳು. ಎಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟ್ ತೋರಿಸಲು ನನ್ನ ಕೆಫೆಯೇ ಬೇಕಂತೆ, ಮೇಷ್ಟ್ರು ಇಲ್ಲಿಗೇ ಬರುತ್ತಾರಂತೆ. ವಿಡಿಯೊ ನಿಂತರೆ ಹುಡುಗಿ ಫೇಲು!

“ಪೂರಾ ವಿಡಿಯೊ ಒಂದೇ ಕಂಪ್ಯೂಟರ್‌ನಲ್ಲಿ ಇರೂದು ಮಾವಾ. ಉಳಿದವು ಚೂರು ಚೂರು ತಕಂಡು ನೋಡ್ತವೆ, ತಕಂಡದ್ದನ್ನ ಬಾಜೂದವಕ್ಕೂ ಕೊಡ್ತವೆ. ನೋಡೂರು ಎಷ್ಟು ಹೆಚ್ಚಾದ್ರೂ ನಿಲ್ಲೂದಿಲ್ಲ ಅಂತ ಲೆಕ್ಕ ಹಾಕಿ ಗ್ರಾಫ್ ಬರ್ದಿದ್ದೆ.”

“ರಂಪಣಿ ಬಲೆ ಇದ್ದಂಗೆ ಅನ್ನು! ದಡದಲ್ಲಿ ನಿಂತು ಹಗ್ಗ ಎಳ್ದವ್ರಿಗೆಲ್ಲ ಮೀನಿನ ಪಾಲು!”

“ಹೌದು ಮಾವಾ! ವಿಡಿಯೊನೂ ಮಾಜಾಳಿಯ ರಂಪಣಿದೇ.”

ಅವಳು ಚಹಾ ಕುಡಿಯಲು ಹೋದಾಗ ನಾನು ಪರದೆಗಳನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಪ್ರತಿಯೊಂದರಲ್ಲೂ ‘ಬೇರೆಯವರಿಗೆ ಎಷ್ಟು ಕೊಡಬೇಕು’ ಎಂಬ ಖಾನೆ. ಪಾಪ, ವ್ಯವಹಾರ ತಿಳಿಯದ ಮಗು! ಕೊಡುವುದು ನಿಂತರೆ ಬರುವುದು ಹೆಚ್ಚುತ್ತದೆ, ಇದು ನನ್ನ ಜೀವನಾನುಭವ. ವಿಡಿಯೊ ಇದ್ದ ಕಂಪ್ಯೂಟರನ್ನು ಬಿಟ್ಟು ಉಳಿದೆಲ್ಲಕ್ಕೂ ಸೊನ್ನೆ ಒತ್ತಿದೆ.

ಮೇಷ್ಟ್ರು ಬಂದರು. ಅಕ್ಕಪಕ್ಕದವರು ಕುರ್ಚಿ ಹಿಡಿದರು. ಮೊದಲ ಪರದೆ ಸೊಗಸಾಗಿ ಓಡಿತು. ಎರಡನೆಯದು ತುಸು ತಡವರಿಸಿತು. ಎಲ್ಲರೂ ಶುರು ಮಾಡಿದ್ದೇ ತಡ, ಪ್ರತಿ ಪರದೆಯಲ್ಲೂ ಮೀನುಗಾರರು ಹಗ್ಗ ಹಿಡಿದು ಹಿಂದಕ್ಕೆ ವಾಲಿ ನಿಂತರು.

ನಿಂತೇ ಬಿಟ್ಟರು!

“ಈ ಬಲೆ ದಡಕ್ಕೆ ಬರೂದು ಯಾವಾಗ? ಮೀನು ಕೊಳೀತದೆ!” ಎಂದ ಪಕ್ಕದ ಅಂಗಡಿಯ ಪಾಂಡು.

ವೀಣಾಳ ಕಣ್ಣು ತುಂಬಿತು. ನಾನು ಧೈರ್ಯ ಹೇಳಿದೆ: “ಹೆದರ್ಬೇಡ ಮಗಾ. ಯಾರಿಗೂ ಕೊಡ್ದೇ ಇದ್ದಂಗೆ ಎಲ್ಲಾದಕ್ಕೂ ನಾನೇ ಸೊನ್ನೆ ಹಾಕಿದ್ದೆ. ಈಗ ಜೋರು ಬರ್ತದೆ ನೋಡು!”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಬಾಯಿಬಿಟ್ಟಳು: “ಎಲ್ಲಾರೂ ನಿಮ್ಮಂಗೆ ಬರೇ ಚೀಲ ಹಿಡ್ಕಂಡು ನಿಂತ್ರೆ ಹಗ್ಗ ಎಳೂರು ಯಾರು?”

ಮೇಷ್ಟ್ರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಧ್ಯಯನ ಮಾಡಿ ವೀಣಾಳತ್ತ ತಿರುಗಿದರು. “ನಿನ್ನ ಲೆಕ್ಕದಲ್ಲಿ ಎಲ್ಲರೂ ಒಳ್ಳೆಯವರಮ್ಮ. ಇಂಥವರನ್ನೂ ಸೇರಿಸಿ ಇನ್ನೊಮ್ಮೆ ತೋರಿಸು.”

ಸೇರಿಸಿದಳು. ಪಾಸೂ ಆದಳು! ಪ್ರಾಜೆಕ್ಟ್ ಪುಸ್ತಕ ತಂದು ಹೊಸ ಗ್ರಾಫು ತೋರಿಸಿದಳು. ಅದರಲ್ಲಿ ಕೊಡುವವರದೊಂದು ಗೆರೆ, ಕೊಡದವರದೊಂದು; ಒಂದು ಮುಗಿಲಿಗೆ ಏರಿದೆ, ಇನ್ನೊಂದು ದೊಪ್ಪನೆ ನೆಲಕ್ಕೆ ಬಿದ್ದಿದೆ.

ನಾನು ಹೆಮ್ಮೆಯಿಂದ ಮೇಲಿನ ಗೆರೆಯ ಮೇಲೆ ಬೆರಳಿಟ್ಟು, “ಇದು ನಾನಲ್ವಾ?” ಎಂದೆ.

ವೀಣಾ ನನ್ನ ಬೆರಳು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

ಇನ್ನೂ ಕೆಳಗೆ!